ಮಾತಾಡುವಷ್ಟು ದೂರ

ಸುಚಿತ್ರಾ ಕ್ಯಾಮೆರಾಕ್ಕೆ ದೂರದಿಂದ ತೆಗೆಯುವ ಎಂಬತ್ತೈದರ ಲೆನ್ಸು ಹಾಕಿಕೊಂಡು ಹಿಂದೆ ಹಿಂದೆ ಸರಿಯುತ್ತ ಹೊಸ್ತಿಲು ದಾಟಿದಳು, ಕಟ್ಟೆ ಇಳಿದಳು, ರಸ್ತೆಗೇ ಬಂದುಬಿಟ್ಟಳು. ಒಳಗೆ ಪಡಸಾಲೆಯಲ್ಲಿ ಅವಳ ಅಪ್ಪನ, ಬ್ಯಾಡಗಿಯ ಫೋಟೋಗ್ರಾಫರ್ ಜಟ್ಟೆಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ತಲೆ ವಾಲದಂತೆ ಗಲ್ಲದಡಿ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಬಿಗಿದಿದ್ದರು.

"ಏ ಬೇಟಿ, ಇನ್ನೂ ಹಿಂದಕ್ಕ ಸರದ್ರ ಹಾವೇರಿ ಬಸ್ಸಿನ್ಯಾಗ ಕುಂತು ಹೊಡಿಬೇಕಾಗ್ತೈತಿ," ಎಂದ ಕುತುಬುದ್ದೀನ. ಜಟ್ಟೆಪ್ಪ ತೆಗೆದ ಫೋಟೋಗಳಿಗೆ ಕಟ್ಟು ಹಾಕಿಯೇ ಮುದುಕನಾದವನು. ನಗಿಸಲೆಂದು ಹೇಳಿದ್ದು, ಅವನ ಕಣ್ಣೇ ತುಂಬಿತ್ತು.

ಅವಳು ಕ್ಯಾಮೆರಾದಲ್ಲಿ ನೋಡಿದಳು. ಬರೀ ಬೆನ್ನುಗಳು. ಅವುಗಳ ಸಂದಿಯಲ್ಲಿ ಅಪ್ಪನ ಒಂದು ಕಿವಿ.

"ಚಾಚಾ, ನೀವ ಹೊಡಿರಿ. ನನಗ ಆಗೂದಿಲ್ರಿ."

"ನಾ ಕಟ್ಟು ಹಾಕಾಂವ ಬೇಟಿ, ಹೊಡಿಯಾಕ ನನಗೆಲ್ಲಿ ಬರತೈತಿ?"

ಅವ್ವ ಶೇಖವ್ವ ಬಾಗಿಲಿಗೆ ಬಂದಳು. "ಊರ ಮಂದೀನೆಲ್ಲಾ ತಗದ್ರು ನಿಮ್ಮಪ್ಪ. ಅವ್ರದೊಂದು ಫೋಟೋ ಮನ್ಯಾಗ ಐತೇನು? ನಾಳಿಗೆ ನಾ ಯಾವ ಮಾರಿ ನೋಡ್ಲಿ?"

"ಮೊಬೈಲಿನ್ಯಾಗ ತಗದಾರಲ್ಲಬೇ."

"ಅದರಾಗ ಬಟ್ಟಿ ಬಿಗದದ್ದು ಕಾಣ್ತೈತಿ. ನಿಮ್ಮಪ್ಪ ಯಾರದಾರ ಹಂಗ ತಗದಿದ್ರೇನು?"

ಸತ್ತವರ ಫೋಟೋ ತೆಗೆಯುವ ಗಳಿಗೆಗೆ ಆ ಬಟ್ಟೆ ಬಿಚ್ಚಿಸುವುದು ಜಟ್ಟೆಪ್ಪನ ಪದ್ಧತಿ. ಕಟ್ಟಿಹಾಕಿದಂತೆ ಯಾರೂ ಗೋಡೆಯ ಮೇಲೆ ಉಳಿಯಬಾರದು ಎನ್ನುತ್ತಿದ್ದ.

"ಲಗೂ ಮಾಡ್ರಿ," ದೊಡ್ಡಪ್ಪ ಹೊಳಿಯಪ್ಪ ಒದರಿದ. "ಕುಣಿ ತಯಾರಾಗೈತಿ. ಹೊತ್ತು ಮುಣಗೂದ್ರೊಳಗ ಮಣ್ಣಾಗಬೇಕು."

* * *

ಅವಳು ಕಾಲೇಜಿಗೆ ಹೋಗುತ್ತಿದ್ದ ಕಾಲ. ಮೋಟೆಬೆನ್ನೂರಿನ ಒಂದು ಸಾವಿನ ಮನೆಗೆ ಅಪ್ಪ ಕರೆದುಕೊಂಡು ಹೋಗಿದ್ದ. ಬಸ್ಸಿನಲ್ಲಿ ಚೀಲ ಬಿಚ್ಚಿ ಒಂದೊಂದೇ ಲೆನ್ಸು ತೋರಿಸಿದ.

"ಮೂವತ್ತೈದು ಹಾಕಿದ್ರ ಮೊಣಕಾಲಿಗೆ ಹೋಗಿ ಹತ್ತಬೇಕು. ಮೂಗು ಬದನಿಕಾಯಿ ಆಗ್ತೈತಿ. ಎಂಬತ್ತೈದಾದ್ರ ಅಂಗಳದಾಗ ನಿಂತು ಒದರಬೇಕು. ಐವತ್ತು ಅಂದ್ರ ಕುಂತು ಮಾತಾಡೋವಷ್ಟು ದೂರ. ದಿನಾ ಬಳಸಾಕ ಇದೊಂದಿದ್ರ ಸಾಕು ನೋಡವಾ."

"ಸತ್ತವರ ಕೂಡ ಏನು ಮಾತಾಡೂದೈತಿ?"

"ಮಾತಾಡಬ್ಯಾಡ. ಸಮೀಪ ಹೋಗು, ಸಾಕು."

ಹೋದಳು. ಸತ್ತ ಮುದುಕಿಯ ಮುಖ ಚೌಕಟ್ಟು ತುಂಬಿತು. ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಆ ಸೀಳಿನಲ್ಲಿ ಒದ್ದೆಯಾದದ್ದೇನೋ ಹೊಳೆದು ತನ್ನನ್ನೇ ನೋಡಿದಂತಾಯಿತು. ಕ್ಯಾಮೆರಾ ಅಪ್ಪನ ಎದೆಗೆ ಒತ್ತಿ ಬಸ್ ನಿಲ್ದಾಣದವರೆಗೆ ಓಡಿದಳು. ಅಪ್ಪ ಬೈಯಲಿಲ್ಲ. ಅಂದಿನಿಂದ ಅವಳು ಫೋಟೋ ತೆಗೆಯಲು ರಾಣೆಬೆನ್ನೂರಿನ ಮದುವೆಗಳಿಗಷ್ಟೇ ಹೋದಳು, ಎಲ್ಲರನ್ನೂ ದೂರದಿಂದಲೇ ತೆಗೆದಳು.

* * *

"ಸರೀರಿ ಎಲ್ಲಾರೂ!" ಕುತುಬುದ್ದೀನ ಮಂದಿಯನ್ನು ಬದಿಗೆ ಸರಿಸಿದ.

ಸುಚಿತ್ರಾ ಲೆನ್ಸು ಬದಲಿಸಿದಳು. ಐವತ್ತು ಕೂರುವಾಗ ಕಟ್ ಎಂದಿತು. ಹೊಸ್ತಿಲು ದಾಟಿದಳು. ಅಪ್ಪನ ಎದುರು ಮೊಣಕಾಲೂರಿ ಕುಳಿತಳು, ಆದರೆ ಕಣ್ಣೆತ್ತಲಿಲ್ಲ. ಮೊದಲು ಹಾರ ನೋಡಿದಳು. ಆಮೇಲೆ ಕೊರಳು. ಕಣ್ಣು ತೆರೆದಿದ್ದರೆ? ತನ್ನನ್ನೇ ನೋಡುತ್ತಿದ್ದರೆ?

"ಬಿಚ್ಚಲೇನವಾ?" ಶೇಖವ್ವ ಗೂಟಕ್ಕೆ ಕೈ ಹಾಕಿದಳು.

"ತಡಿಬೇ... ಹ್ಞೂಂ, ಬಿಚ್ಚು."

ಬಟ್ಟೆ ಸಡಿಲವಾಯಿತು. ಅವ್ವ ಪಕ್ಕಕ್ಕೆ ಸರಿದಳು, ಸುಚಿತ್ರಾ ಕ್ಯಾಮೆರಾ ಕಣ್ಣಿಗಿಟ್ಟಳು. ಚೌಕಟ್ಟಿನಲ್ಲಿ ಅಪ್ಪ ಒಂದು ಕ್ಷಣ ನೆಟ್ಟಗೆ ಕುಳಿತಿದ್ದ. ಮರುಕ್ಷಣ ತಲೆ ಮೆಲ್ಲಗೆ ಮುಂದಕ್ಕೆ, ಅವಳ ಕಡೆಗೇ ವಾಲತೊಡಗಿತು. ಯಾರೋ ಹೆಂಗಸು ಕಿಟಾರನೆ ಚೀರಿದಳು. ಹೊಳಿಯಪ್ಪ, "ಹಿಡೀರಿ, ಹಿಡೀರಿ!" ಎಂದ.

ಸುಚಿತ್ರಾ ಓಡಲಿಲ್ಲ. ಕ್ಯಾಮೆರಾ ಬಲಗೈಯಲ್ಲೇ ಉಳಿಯಿತು. ಎಡಗೈ ತಾನಾಗಿ ಚಾಚಿ ಅಪ್ಪನ ಗಲ್ಲಕ್ಕೆ ಆನಿಕೆಯಾಯಿತು. ಭಾರವಿತ್ತು, ತಣ್ಣಗಿತ್ತು, ಎರಡು ದಿನದ ಗಡ್ಡ ಅಂಗೈಗೆ ಚುಚ್ಚಿತು. ತಲೆಯನ್ನು ಮೇಲೆತ್ತಿ, ಉಸಿರು ಬಿಗಿಹಿಡಿದು, ಗುಂಡಿ ಒತ್ತಿದಳು.

ಕ್ಯಾಮೆರಾದ ಹಿಂದಿನ ಸಣ್ಣ ಪರದೆಯ ಮೇಲೆ ಚಿತ್ರ ಮೂಡಿತು. ಅಂಚಿನಿಂದ ಒಳಬಂದ ಒಂದು ತೋಳು, ತೀರ ಸಮೀಪವಾದ್ದರಿಂದ ಮಸುಕು. ಅದರ ತುದಿಯಲ್ಲಿ, ಹಸಿರು ಬಳೆಗಳ ಆಚೆ, ಅಂಗೈ ಮೇಲೆ ಗಲ್ಲವೂರಿದ ಅಪ್ಪನ ಮುಖ.