ಮೊದಲಾಳಿ ಮಲಗಿದ ಮಂಚ

ಇಟ್ಟೂಪ್ ಮೊದಲಾಳಿ ಚಪ್ಪಲಿ ಹಾಕಿಕೊಂಡೇ ಮಂಚ ಹತ್ತಲು ಹೊರಟರು.

"ಚಪ್ಪಲಿ!" ಎಂದಳು ರೋಸಿಲಿ.

ಆಸ್ಪತ್ರೆಯ ಯಜಮಾನರಾದ ಮೊದಲಾಳಿಯೇ ತಬ್ಬಿಬ್ಬಾಗಿ ಚಪ್ಪಲಿ ಬಿಟ್ಟರು. ರೋಸಿಲಿ ನಾಲಿಗೆ ಕಚ್ಚಿಕೊಂಡಳು. ಇಪ್ಪತ್ತಮೂರು ವರ್ಷ ತ್ರಿಶ್ಶೂರಿನ ವಾರ್ಡುಗಳಲ್ಲಿ ನರ್ಸಾಗಿದ್ದವಳ ಗಂಟಲು ಅದು. ಸರಕು ಮಾರಲು ಬಂದವರ ಗಂಟಲಲ್ಲ. ರೋಗಿಗಳನ್ನು ಎತ್ತಿ ಎತ್ತಿ ಬೆನ್ನುಮೂಳೆ ಸವೆದು, ಇನ್ನು ಭಾರ ಎತ್ತಕೂಡದೆಂದು ಡಾಕ್ಟರು ಹೇಳಿದ ಮೇಲೆ, ನಲವತ್ತಾರನೇ ವಯಸ್ಸಿನಲ್ಲಿ ಅವಳು ಆಸ್ಪತ್ರೆಯ ಮಂಚ ಮಾರುವ ಕಂಪನಿ ಸೇರಿದ್ದಳು. ಗುಂಡಿ ಒತ್ತಿದರೆ ರೋಗಿಯನ್ನು ತಾನೇ ಎತ್ತಿ ಕೂರಿಸುವ ಮಂಚ. ಕೆಲಸದ ಮೂರು ತಿಂಗಳ ಪರೀಕ್ಷಾ ಅವಧಿ ಮುಗಿಯಲು ನಾಲ್ಕೇ ದಿನ ಬಾಕಿ. ಇದುವರೆಗೆ ಒಂದು ಮಂಚವೂ ಹೋಗಿರಲಿಲ್ಲ. "ನಿನ್ನ ಬಾಯಿಗೆ ಹೆದರಿಯಾದ್ರೂ ಯಾರಾದ್ರೂ ತಗೋತಾರೆ ಬಿಡೇ," ಎಂದು ಗಂಡ ಪೌಲೋಸ್ ಬೆಳಿಗ್ಗೆ ನಗಿಸಿ ಕಳಿಸಿದ್ದ.

"ನಂದು ಮೊದಲು ಹಂಚಿನ ಕಾರ್ಖಾನೆ, ಸಿಸ್ಟರೇ," ಎಂದರು ಮೊದಲಾಳಿ, ಕಾಲು ಚಾಚುತ್ತ. "ತಟ್ಟಿ ನೋಡದೆ ಒಂದು ಹಂಚೂ ಹೊರಗೆ ಬಿಟ್ಟೋನಲ್ಲ. ಹೇಳಿ, ಏನಿದರ ವಿಶೇಷ?"

ಕಂಪನಿಯವರು ಬಾಯಿಪಾಠ ಮಾಡಿಸಿದ್ದ ಹದಿನಾಲ್ಕು ಅನುಕೂಲಗಳಲ್ಲಿ ಅವಳಿಗೆ ಮೂರು ನೆನಪಾದವು. ಮುಂದಿನದಕ್ಕೆ ತಡವರಿಸುತ್ತ ಗುಂಡಿ ಒತ್ತಿದಳು. ತಲೆಯ ಕಡೆ ಮೆಲ್ಲಗೆ ಏರಿತು, ಮೊಣಕಾಲಿನಡಿ ಉಬ್ಬಿತು. ಮೊದಲಾಳಿ ಕಣ್ಣು ಮುಚ್ಚಿದರು.

"ಹೇಳ್ತಾ ಇರಿ. ಕೇಳಿಸ್ಕೊಳ್ತಿದೀನಿ."

ನಾಲ್ಕನೆಯದು ಬಾಯಿಗೆ ಬರುವಷ್ಟರಲ್ಲಿ ಗೊರಕೆ ಶುರುವಾಯಿತು.

ಪಕ್ಕದಲ್ಲಿದ್ದ ಹೆಡ್ ನರ್ಸ್ ಥ್ರೇಸ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ರೋಸಿಲಿ ಚೇಚಿ, ಹನ್ನೊಂದಕ್ಕೆ ಡಾಕ್ಟರುಗಳ ಮೀಟಿಂಗ್ ಇದೆ. ಇವರನ್ನ ಎಬ್ಬಿಸೋರು ಯಾರು? ನನ್ನ ಕೈಲಂತೂ ಆಗಲ್ಲಪ್ಪ!"

"ಯಾರೂ ಎಬ್ಬಿಸ್ಬೇಡಿ," ಎಂದು ರೋಸಿಲಿ ಪಿಸುಗುಟ್ಟಿ, ಮಂಚದ ಪಕ್ಕದ ಕಂಬಿ ಏರಿಸಿದಳು. ಹೋಗಿ ಪರದೆ ಎಳೆದಳು. ಆಗ ಗೊರಕೆ ಥಟ್ಟನೆ ನಿಂತಿತು. ಎದೆ ಏರಲಿಲ್ಲ. ಅವಳ ಕಣ್ಣು ಕೈಗಡಿಯಾರಕ್ಕೆ ಹೋಯಿತು. ಹತ್ತು, ಹದಿನೈದು, ಹದಿನೆಂಟು ಸೆಕೆಂಡು. ಬಳಿಕ ಎಮ್ಮೆ ನೀರಿನಿಂದ ತಲೆಯೆತ್ತಿದಂತೆ ಒಂದು ಉಸಿರು. ಮತ್ತೆರಡು ಸಲ ಹಾಗೇ ಆಯಿತು. ತಲೆಯ ಕಡೆಯನ್ನು ಇನ್ನಷ್ಟು ಏರಿಸಿದ ಮೇಲೆ ಉಸಿರು ಸರಾಗವಾಯಿತು.

ಮೊಬೈಲ್ ನಡುಗಿತು. ಕಂಪನಿಯ ಮ್ಯಾನೇಜರ್ ಶೈಜು. "ಚೇಚಿ, ಪಾರ್ಟಿ ಏನಂತಾರೆ?"

"ಗೊರಕೆ ಹೊಡೀತಿದಾರೆ," ಎಂದು ಇಟ್ಟುಬಿಟ್ಟಳು.

ಮುಕ್ಕಾಲು ಗಂಟೆಯ ಮೇಲೆ ಮೊದಲಾಳಿ ಕಣ್ಣುಬಿಟ್ಟರು. ಬಾಯಿ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ, "ಹ್ಞಾಂ, ನಾಲ್ಕನೇದು ಹೇಳ್ತಿದ್ರಿ," ಎಂದರು.

ಹೇಳಿಬಿಡಬಹುದಿತ್ತು. ಮಂಚ ಹಿಡಿಸಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ರೋಸಿಲಿಯ ಬಾಯಿಂದ ಬಂದದ್ದು ಬೇರೆ. "ಮೊದಲಾಳೀ, ನಿದ್ದೇಲಿ ನಿಮ್ಮ ಉಸಿರು ನಿಲ್ಲುತ್ತೆ. ಪರೀಕ್ಷೆ ಮಾಡಿಸ್ಕೊಳ್ಳಿ. ನಾಳೆ ನಾಡಿದ್ದು ಅನ್ಬೇಡಿ."

ಥ್ರೇಸ್ಯಾ ನೆಲ ನೋಡಿದಳು. ಮೊದಲಾಳಿಯ ಹುಬ್ಬು ಗಂಟಾಯಿತು. "ನೀವು ಬಂದದ್ದು ಮಂಚ ಮಾರೋಕಾ, ಕಾಯಿಲೆ ಮಾರೋಕಾ?"

ಈ ಕೆಲಸವೂ ಹೋಯಿತು ಎಂದುಕೊಂಡಳು ರೋಸಿಲಿ. ಹಾಗೆಂದುಕೊಂಡ ಮೇಲೆ ಧೈರ್ಯ ಬಂತು. "ಮಂಚ ಬೇಡ ಅಂದ್ರೆ ಬೇಡ. ಹದಿನೆಂಟು ಸೆಕೆಂಡು, ಮೂರು ಸಲ. ನಾನೇ ಎಣಿಸಿದೀನಿ."

ಮೊದಲಾಳಿ ಕಂಬಿ ಹಿಡಿದು ನೆಟ್ಟಗೆ ಕೂತರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು. "ನಮ್ಮನೆಯವಳು ಹತ್ತು ವರ್ಷದಿಂದ ಇದನ್ನೇ ಹೇಳ್ತಿದಾಳೆ. ಸುಳ್ಳಿ ಅಂತ ಬೈದು ಬೇರೆ ಕೋಣೇಲಿ ಮಲಗ್ತಿದೀನಿ. ಈಗ ಅವಳ ಮುಂದೆ ಒಪ್ಕೊಳ್ಳೋದು ಹೇಗೆ, ಸಿಸ್ಟರೇ?"

"ಅದಕ್ಕೆ ಇದರಲ್ಲಿ ಗುಂಡಿ ಇಲ್ಲ."

ಅವರು ಇನ್ನೂ ನಗುತ್ತಲೇ ಥ್ರೇಸ್ಯಾಳ ಕಡೆ ತಿರುಗಿದರು. "ಹೆಂಗಸರ ವಾರ್ಡಿಗೆ ಎಷ್ಟು ಬೇಕು?"

"ಆರು."

"ಆರು ತರಿಸಿ. ಇದನ್ನ ಈಗ್ಲೇ ಅಲ್ಲಿಗೆ ಸಾಗಿಸಿ. ನನ್ನ ಕಣ್ಮುಂದೆ ಇದ್ರೆ ಯಾವ ಮೀಟಿಂಗೂ ನಡಿಯಲ್ಲ."

ಮಧ್ಯಾಹ್ನದ ಗಂಜಿಯ ಹೊತ್ತಿಗೆ ಮಂಚ ವಾರ್ಡಿಗೆ ಬಂತು. ಸೊಂಟ ಮುರಿದು ಎರಡು ವಾರದಿಂದ ಅಂಗಾತ ಮಲಗಿದ್ದ ಮರಿಯಕುಟ್ಟಿ ಎಂಬ ಮುದುಕಿಯನ್ನು ನಾಲ್ವರು ಹಾಸಿನ ಸಮೇತ ಅದರ ಮೇಲೆ ಸರಿಸಿದರು. ನೆರವಿಗೆ ಮುಂದಾದ ತನ್ನ ಕೈಗಳನ್ನು ರೋಸಿಲಿ ಹಿಂದಕ್ಕೆ ಕಟ್ಟಿಕೊಂಡಳು. ಆಮೇಲೆ ರಿಮೋಟನ್ನು ಮುದುಕಿಯ ಅಂಗೈಯಲ್ಲಿಟ್ಟಳು. "ಒತ್ತಿ, ಅಮ್ಮಚ್ಚೀ. ನಿಧಾನಕ್ಕೆ."

ಮುದುಕಿ ಹೆಬ್ಬೆರಳಿಂದ ಒತ್ತಿದಳು. ಫ್ಯಾನು ಹೋಗಿ ಗೋಡೆ ಬಂತು, ಗೋಡೆ ಹೋಗಿ ಕಿಟಕಿ ಬಂತು.

"ಅರೆ, ಇಲ್ಲೊಂದು ಹಲಸಿನ ಮರ ಇದೆಯಾ!"

ಬುಡದಿಂದ ಕಾಯಿ ಎಣಿಸತೊಡಗಿದಳು. ಏಳು ಎಂದಳು. ಇನ್ನೊಂದಿಷ್ಟು ಮೇಲೇರಿಸಿಕೊಂಡು, ಅಲ್ಲ, ಒಂಬತ್ತು ಎಂದಳು.