ಸತ್ತವಳ ಕೆನ್ನೆ ಕೆಂಪಗಿತ್ತು

ಸೊಸೆ ಸತ್ತ ದಿನ ಇಸ್ತ್ರಿಯಮ್ಮ ಒಂದೇ ಒಂದು ಮಾತು ಹೆಚ್ಚಿಗೆ ಆಡಿದಳು. ಹೆಣಕ್ಕೆ ಸ್ನಾನ ಮಾಡಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವಳು ಪಕ್ಕದ ಮನೆಯ ದರ್ಜಿಯ ಹೆಂಡತಿಯ ಹತ್ತಿರ ಅಂದುಬಿಟ್ಟಳು: “ಕೆನ್ನೆ ನೋಡಿದ್ಯೇನೇ? ಕೆಂಪಗಿದೆ. ಬದುಕಿದ್ದಾಗಲೂ ಇಷ್ಟು ಕಳೆ ಇರ್ಲಿಲ್ಲ ಅವಳಿಗೆ. ಸತ್ತವಳ ಮುಖ ಅಲ್ಲ ಕಣೇ ಅದು.”

ದುಃಖದಲ್ಲಿ ಆಡಿದ ಮಾತು. ನೆಗಡಿ ಎಂದು ನಡುಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಮಲಗಿದ ಸೊಸೆ, ಇನ್ನೂ ಚಿಕ್ಕ ವಯಸ್ಸಿನವಳು, ಬೆಳಿಗ್ಗೆ ಏಳಲೇ ಇಲ್ಲ ಎಂದರೆ ಯಾವ ಅತ್ತೆಗೆ ಬಾಯಿಯ ಮೇಲೆ ಹಿಡಿತ ಇರುತ್ತದೆ? ಆದರೆ ದರ್ಜಿಯ ಹೆಂಡತಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಮಣ್ಣು ಮುಚ್ಚಿ ಎಲ್ಲರೂ ವಾಪಸು ಬರುವಷ್ಟರಲ್ಲಿ ಆ ಕೆಂಪು ಕೆನ್ನೆ ಬೀದಿಯ ಎರಡೂ ತುದಿ ಮುಟ್ಟಿತ್ತು.

ಇಸ್ತ್ರಿಯಮ್ಮನ ಮನೆ ಎಂದರೆ ಮುಂದೆ ಉದ್ದ ಮೇಜಿನ ಇಸ್ತ್ರಿ ಅಂಗಡಿ, ನಡುವೆ ಒಂದು ಸಣ್ಣ ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಅಲ್ಲೇ ಅವಳ ಹಾಸಿಗೆ. ಮಗ, ಸೊಸೆ, ಅವಳು, ಮೂವರದೂ ಒಂದೇ ಕೆಲಸ. ಇದ್ದಿಲನ್ನು ಹಿತ್ತಲಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗುವವರೆಗೆ ಕಾದು, ನಿಗಿನಿಗಿ ಕೆಂಡವಾದ ಮೇಲೆಯೇ ಇಸ್ತ್ರಿ ಪೆಟ್ಟಿಗೆಗೆ ತುಂಬುವುದು. ಹೊಗೆ ತಾಗಿದರೆ ಬಿಳಿ ಅಂಗಿ ಕೆಟ್ಟಿತು, ಗಿರಾಕಿ ಹೋದ. ಹಾಗಾಗಿ ಹೊಗೆಯೆಂದರೆ ಈ ಮನೆಯವರಿಗೆ ಆಗದು, ಹೊಗೆಯಿಲ್ಲದ ಕೆಂಡವೆಂದರೆ ಮನೆಮಗನಷ್ಟು ನಂಬಿಕೆ. ಚಳಿಗಾಲದ ಸಂಜೆಗಳಲ್ಲಿ ಪೆಟ್ಟಿಗೆಯಲ್ಲಿ ಉಳಿದ ಕೆಂಡವನ್ನು ಅಗ್ಗಿಷ್ಟಿಕೆಗೆ ಸುರಿದು, ಮೇಲೆ ಬೂದಿ ಮುಚ್ಚಿ, ನಡುಕೋಣೆಯಲ್ಲಿಡುವುದು ಇಸ್ತ್ರಿಯಮ್ಮನ ಕೈಯ ಕೆಲಸ. ಎಸೆಯುವ ಕೆಂಡದಲ್ಲಿ ಮನೆ ಬೆಚ್ಚಗಾಗುತ್ತದಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹೆಂಡತಿಗೆ ನೆಗಡಿ ಎಂದು ಆ ರಾತ್ರಿ ಮಗಳೊಂದಿಗೆ ಅಂಗಡಿಯಲ್ಲಿ ಮಲಗಿದ್ದ ಮಗ, ಅವಳು ಹೋದ ಮೇಲೆ ಅದೇ ಕೋಣೆಯಲ್ಲಿ, ಅವಳ ಹಾಸಿಗೆಯಲ್ಲೇ ಮಲಗತೊಡಗಿದ. ಮಗಳನ್ನೂ ಪಕ್ಕದಲ್ಲಿ, ಕಿಟಕಿಯ ಕೆಳಗೆ ಮಲಗಿಸಿಕೊಂಡ. ಎಲ್ಲರೂ ಗುಬ್ಬಿ ಎನ್ನುತ್ತಿದ್ದ ಆ ಮಗುವಿಗೆ ಆಗಷ್ಟೇ ಹಾಲುಹಲ್ಲು ಬೀಳುತ್ತಿದ್ದವು. ಸ್ವಲ್ಪ ದಿನದಲ್ಲೇ ಮಗ ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯತೊಡಗಿದ.

“ಎದೆ ಮೇಲೆ ಯಾರೋ ಕೂತ ಹಾಗಾಗತ್ತಮ್ಮ. ಎದ್ದೇಳೋಣ ಅಂದ್ರೆ ಕೈಕಾಲು ನಂದಲ್ಲ.”

ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಕುಳಿತು ಚೇತರಿಸಿಕೊಳ್ಳುತ್ತಿದ್ದ, ಬೆಳಗಾದರೆ ಮತ್ತೆ ಅದೇ. ಡಾಕ್ಟರು ಬಂದದ್ದೂ ಮಧ್ಯಾಹ್ನವೇ. ನಾಡಿ ಹಿಡಿದರು, ನಾಲಿಗೆ ನೋಡಿದರು, ದುಃಖಕ್ಕೆ ಔಷಧ ಇಲ್ಲವಮ್ಮ ಎಂದು ಹೇಳಿ ಒಂದು ಟಾನಿಕ್ ಬರೆದುಕೊಟ್ಟು ಹೋದರು.

ಬೀದಿಯ ಹತ್ತಿರ ಮಾತ್ರ ಔಷಧ ಇತ್ತು. ಕ್ಷೌರದಂಗಡಿಯವನು ಗಿರಾಕಿಗಳಿಗೆಂದು ಹಳೆಯ ವಾರಪತ್ರಿಕೆಗಳನ್ನು ಇಟ್ಟುಕೊಂಡಿದ್ದ. ಅವುಗಳಲ್ಲಿನ ಎರಡು ದೆವ್ವದ ಧಾರಾವಾಹಿಗಳನ್ನು ತಾನೇ ಬರೆದವನಂತೆ ಬಾಯಿಪಾಠ ಮಾಡಿದ್ದ. ಅವುಗಳ ಪ್ರಕಾರ ಸತ್ತವರು ಕೊಳೆಯದೆ ಕೆಂಪಗಿರುತ್ತಾರೆ, ಕತ್ತಲಾದ ಮೇಲೆ ಎದ್ದು ಬಂದು ಮೊದಲು ಸ್ವಂತ ಮನೆಯವರ ರಕ್ತವನ್ನೇ ಹೀರುತ್ತಾರೆ, ಬಿಸಿಲು ಕಂಡರೆ ಆಗದು. ಮಗ ಮಧ್ಯಾಹ್ನ ಚೇತರಿಸಿಕೊಳ್ಳುವುದು ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಂತಾಯಿತು. ಅಷ್ಟರಲ್ಲಿ ಹೊಸ ಗೋರಿಯ ಮಣ್ಣನ್ನು ನಾಯಿಗಳು ಕೆದರಿದ್ದು ಕಂಡುಬಂತು. ಅವು ನಾಯಿಗಳಲ್ಲ, ಆಕೆಯೇ ತೋಳವಾಗಿ ಹೊರಗೆ ಹೋಗುತ್ತಾಳೆ ಎಂದ ಕ್ಷೌರದವನು.

“ಒಂದೋ ರಕ್ತ ಕುಡೀಬೇಕು, ಇಲ್ಲಾ ತೋಳ ಆಗ್ಬೇಕು. ಎರಡೂ ಹೇಗ್ರೀ?” ಎಂದು ಅರ್ಧ ಗಡ್ಡ ಬೋಳಿಸಿಕೊಂಡಿದ್ದ ದರ್ಜಿ ಕೇಳಿದ.

“ಮೊದಲನೇ ಕತೇಲಿ ರಕ್ತ, ಎರಡನೇ ಕತೇಲಿ ತೋಳ. ತಲೆ ಅಲ್ಲಾಡಿಸಬೇಡಿ, ಕತ್ತಿ ಕೈಯಲ್ಲಿದೆ.”

ದರ್ಜಿ ತಲೆ ಅಲ್ಲಾಡಿಸಲಿಲ್ಲ. ಕತೆಗೆ ರೆಕ್ಕೆಪುಕ್ಕ ಬಂದದ್ದು ಹೀಗೆ, ಕತ್ತಿಯ ಕೆಳಗೆ ಕತ್ತು ಕೊಟ್ಟವರ ಮೌನದಲ್ಲಿ.

ಇಸ್ತ್ರಿಯಮ್ಮ ಮೊದಮೊದಲು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಹೆತ್ತ ಮಗ ಕಣ್ಣೆದುರೇ ಇಳಿದುಹೋಗುತ್ತಿರುವಾಗ ಕಿವಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಸೊಸೆ ಬದುಕಿದ್ದಾಗ ಒಂದೆರಡು ಸಲ ಸಿಡುಕಿದ್ದಳಲ್ಲ, ನನ್ನ ಮೇಲೆ ಹಗೆ ಇತ್ತೇ? ಮಗನನ್ನು ಕರೆದುಕೊಂಡು ಹೋಗಲು ನೋಡುತ್ತಿದ್ದಾಳೆಯೇ? ಅನುಮಾನ ಒಮ್ಮೆ ಹೊಕ್ಕಿತೆಂದರೆ ಸತ್ತವರೂ ಪಾರಾಗುವುದಿಲ್ಲ. ಇಸ್ತ್ರಿಯಮ್ಮ ಹಳೆಯ ಬಟ್ಟೆ ಹರಿದು ಸುರುಳಿ ಮಾಡಿ ಕಿಟಕಿಯ ಸಂದಿಗೆ, ಬಾಗಿಲಿನ ಅಡಿಗೆ, ಮಾಡಿನ ಬಿರುಕಿಗೆ ತುರುಕಿದಳು. ಗಾಳಿಯೂ ನುಸುಳದ ಕಡೆ ಸೊಸೆ ಹೇಗೆ ನುಸುಳುತ್ತಾಳೋ ನೋಡೇಬಿಡೋಣ ಎಂದುಕೊಂಡಳು. ಅಗ್ಗಿಷ್ಟಿಕೆಗೆ ಇನ್ನೆರಡು ಹಿಡಿ ಕೆಂಡ ಹೆಚ್ಚಿಗೆ ಹಾಕಿದಳು. ಬೆಂಕಿ ಕಂಡರೆ ಅಂಥವರು ಹೆದರುತ್ತಾರಂತೆ.

ಮಗ ಹಾಸಿಗೆ ಹಿಡಿದ.

ಆಗ ಬೀದಿಯ ಕಣ್ಣು ಗುಬ್ಬಿಯ ಮೇಲೆ ಬಿತ್ತು. ಅದೇ ಕೋಣೆ, ಅದೇ ಹಾಸಿಗೆ, ಅಪ್ಪ ಏಳಲಾರದೆ ಬಿದ್ದಿದ್ದಾನೆ, ಮಗು ಗುಂಡುಕಲ್ಲಿನ ಹಾಗಿದೆ. ದರ್ಜಿಯ ಹೆಂಡತಿ ತನ್ನ ಮಕ್ಕಳನ್ನು ಗುಬ್ಬಿಯ ಜೊತೆ ಆಡಲು ಕಳಿಸುವುದನ್ನು ನಿಲ್ಲಿಸಿದಳು. ಅವಳೇ ಒಂದು ಸಂಜೆ ಬಂದು ದನಿ ತಗ್ಗಿಸಿ ಹೇಳಿದಳು:

“ಅಷ್ಟೆಲ್ಲಾ ಸಂದಿ ಮುಚ್ಚಿದ್ದೀರ ಇಸ್ತ್ರಿಯಮ್ಮ, ಆದ್ರೂ ಬರ್ತಾಳೆ ಅಂದ್ರೆ? ಒಳಗಿರೋರು ಯಾರೋ ದಾರಿ ಬಿಡ್ತಿರಬೇಕು. ನಾನು ಯಾರ ಹೆಸರೂ ಹೇಳಲ್ಲಪ್ಪ.”

ಕಡೆಗೆ ಬೀದಿಯ ಗಂಡಸರು ಕೂಡಿ ತೀರ್ಮಾನ ಮಾಡಿದರು. ನಾಳೆ ಬೆಳಿಗ್ಗೆ ಗೋರಿ ತೆಗೆದು, ಅವಳ ಎದೆಗೆ ಕಬ್ಬಿಣದ ಸರಳು ಇಳಿಸುವುದು. ಮೊದಲ ಗುದ್ದಲಿ ಏಟು ಮನೆಯ ಹಿರಿಯರದೇ ಆಗಬೇಕು, ಅದು ಇಸ್ತ್ರಿಯಮ್ಮನದು. ಅದರಿಂದಲೂ ಮಗ ಏಳದಿದ್ದರೆ ಗುಬ್ಬಿಯನ್ನು ಅನಾಥಾಲಯಕ್ಕೆ ಬಿಟ್ಟು ಬರುವುದು. ಇಸ್ತ್ರಿಯಮ್ಮ ಹೂಂ ಎಂದಳು. ಮಗನೊಬ್ಬ ಉಳಿದರೆ ಸಾಕು ಎಂಬಲ್ಲಿಗೆ ಬಂದು ನಿಂತಿದ್ದಳು ಅವಳು.

ಆ ಸಂಜೆ ಅಗ್ಗಿಷ್ಟಿಕೆ ಇಡಲು ಕೋಣೆಗೆ ಹೋದಾಗ ಗುಬ್ಬಿ ಹಾಸಿಗೆಯ ಮೇಲೆ ಮಂಡಿಯೂರಿ, ಕಿಟಕಿಯ ಸಂದಿಯಿಂದ ಬಟ್ಟೆಯ ಸುರುಳಿಯನ್ನು ಎಳೆಯುತ್ತಿತ್ತು. ಎಳೆದದ್ದನ್ನು ಅಚ್ಚುಕಟ್ಟಾಗಿ ಮಡಚಿ ದಿಂಬಿನ ಅಡಿಗಿಟ್ಟಿತು. ದಿನವೂ ಮಾಡುವ ಕೆಲಸದ ಹಾಗಿತ್ತು.

ಇಸ್ತ್ರಿಯಮ್ಮ ಅಗ್ಗಿಷ್ಟಿಕೆಯನ್ನು ನೆಲಕ್ಕೆ ಕುಕ್ಕಿದಳು. “ಏನೇ ಮಾಡ್ತಿದ್ದೀಯ?”

“ಅಮ್ಮನಿಗೆ, ಅಜ್ಜಿ. ಎಲ್ಲಾ ಕಡೆ ಮುಚ್ಚಿಬಿಟ್ರೆ ಹೇಗೆ ಬರ್ತಾಳೆ ಪಾಪ? ಬೆಳಿಗ್ಗೆ ದಿನಾ ಮತ್ತೆ ತುರುಕಿಡ್ತೀನಲ್ಲ.”

ಹಾಗಾದರೆ ಬೀದಿಯವರು ಹೇಳಿದ್ದು ನಿಜ! ಇಸ್ತ್ರಿಯಮ್ಮ ಮಗುವಿನ ಕೈಯಿಂದ ಬಟ್ಟೆ ಕಸಿದುಕೊಂಡಳು, ಹಿಂದೆಂದೂ ಎತ್ತದ ಕೈಯನ್ನು ಎತ್ತಿ ಬೆನ್ನಿಗೊಂದು ಬಿಟ್ಟಳು. ಸುರುಳಿಗಳನ್ನೆಲ್ಲ ಮತ್ತೆ ತುರುಕಿ, ಸೌಟಿನ ಹಿಡಿಯಿಂದ ಒತ್ತೊತ್ತಿ ಬಿಗಿಮಾಡಿದಳು. ಗುಬ್ಬಿ ಗೋಡೆಗೆ ಮುಖ ಮಾಡಿ ಮಲಗಿಕೊಂಡಿತು.

ಬೆಳಿಗ್ಗೆ ಬಾಗಿಲು ತೆಗೆದಾಗ ಮಗು ಅದೇ ಭಂಗಿಯಲ್ಲಿತ್ತು. ಕರೆದರೆ ಓಗೊಡಲಿಲ್ಲ. ತಿರುಗಿಸಿದರೆ ತಲೆ ತೋಳಿನ ಮೇಲೆ ಜೋತುಬಿತ್ತು, ಕೆನ್ನೆ ಕೆಂಪಗಿತ್ತು.

ಇಸ್ತ್ರಿಯಮ್ಮ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಓಡಿ ಕಲ್ಲುಹಾಸಿನ ಮೇಲೆ ಮಲಗಿಸಿದಳು. ಮತ್ತೆ ಒಳಗೆ ನುಗ್ಗಿ ಮಗನ ಕಂಕುಳಿಗೆ ಕೈ ಹಾಕಿ ಎಳೆದಳು. ಅವನು ಭಾರದ ಆಳು, ಹೊಸ್ತಿಲು ದಾಟಿಸಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳ ಹಣೆಯ ಎರಡೂ ಬದಿ ಸುತ್ತಿಗೆಯಿಂದ ಬಡಿದಂತಾಗಿ, ಹೊಟ್ಟೆ ತೊಳೆಸಿ ಬಂತು.

ಈ ತಲೆನೋವಿನ ಗುರುತು ಅವಳಿಗೆ ಇತ್ತು. ಹೊಸದಾಗಿ ಕೆಲಸಕ್ಕೆ ಕೈ ಹಾಕಿದ ವರ್ಷ, ಮುಚ್ಚಿದ ಅಂಗಡಿಯಲ್ಲಿ ದಿನವಿಡೀ ಪೆಟ್ಟಿಗೆಯ ಮೇಲೆ ಬಗ್ಗಿದಾಗ ಇದೇ ಬರುತ್ತಿತ್ತು. ಇಸ್ತ್ರಿ ತಲೆನೋವು, ಎರಡು ನಿಮಿಷ ಹೊರಗೆ ಹೋಗಿ ನಿಂತು ಬಾ ಎನ್ನುತ್ತಿದ್ದಳು ಅವಳ ಅತ್ತೆ. ಹೊರಗೆ ನಿಂತರೆ ಹೋಗುತ್ತಿತ್ತು. ಇಸ್ತ್ರಿಯಮ್ಮ ಬಾಗಿಲಿಗೆ ಒರಗಿಕೊಂಡು ಒಳಗೆ ನೋಡಿದಳು. ಕೋಣೆಯ ನಡುವೆ ಅಗ್ಗಿಷ್ಟಿಕೆ ಇತ್ತು, ಬೂದಿಯ ಅಡಿಯಲ್ಲಿ ಕೆಂಡ ಇನ್ನೂ ಉಸಿರಾಡುತ್ತಿತ್ತು. ಹೊಗೆಯ ಸುಳಿವೂ ಇರಲಿಲ್ಲ.

ಹಿತ್ತಲಲ್ಲಿ ಗುಬ್ಬಿ ವಾಂತಿ ಮಾಡಿಕೊಂಡು ಅಳುದನಿ ತೆಗೆಯಿತು. ಆ ಸದ್ದು ಕೇಳಿ ಇಸ್ತ್ರಿಯಮ್ಮನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಗುದ್ದಲಿ, ಸರಳು ಹಿಡಿದು ಮೂವರು ಬಂದರು: ದರ್ಜಿ, ಕ್ಷೌರದವನು, ಸ್ಮಶಾನದಲ್ಲಿ ಗುಂಡಿ ತೋಡುವವನು. ಇಸ್ತ್ರಿಯಮ್ಮ ಎಲ್ಲವನ್ನೂ ಹೇಳಿದಳು. ಮುಚ್ಚಿದ ಕೋಣೆಯಲ್ಲಿ ಇದು ಕೆಂಡದ್ದೇ ಕೆಲಸ, ಸೊಸೆಯದಲ್ಲ, ಕೆನ್ನೆ ಕೆಂಪಗಾದದ್ದೂ ಅದರಿಂದಲೇ, ಗಾಳಿ ಆಡುವ ಸಂದಿ ಇದ್ದದ್ದರಿಂದಲೇ ಮಗು ಇಷ್ಟು ದಿನ ಉಳಿದದ್ದು ಎಂದಳು. ಅವರು ಅವಳನ್ನು ನೋಡಲಿಲ್ಲ, ಮಗುವಿನ ಕೆನ್ನೆ ನೋಡಿದರು.

“ಹೊಗೆನೇ ಇಲ್ಲದ ಕೆಂಡ ಜನರನ್ನ ಕೊಲ್ಲತ್ತಾ?” ಎಂದ ಕ್ಷೌರದವನು. “ಸೊಸೆ ಇವರ ಬಾಯಲ್ಲಿ ಕೂತು ಮಾತಾಡಿಸ್ತಿದ್ದಾಳೆ. ಹೀಗೂ ಆಗತ್ತೆ ಅಂತ ಬರೆದಿದ್ರು.”

ಇಸ್ತ್ರಿಯಮ್ಮನ ಪಿತ್ತ ನೆತ್ತಿಗೇರಿತು. “ಹಾಗಾದ್ರೆ ನೀನೇ ಹೋಗಿ ಕೂತ್ಕೊಳ್ಳಯ್ಯ ಒಳಗೆ! ಬಾಗಿಲು ನಾನು ಹಾಕ್ತೀನಿ. ಅವಳು ಬಂದ್ರೆ ಕತ್ತಿನ ಮೇಲೆ ಹಲ್ಲಿನ ಗುರುತಿರತ್ತೆ. ಕೆಂಡ ಆದ್ರೆ ತಲೆ ಸಿಡಿಯತ್ತೆ. ಹೊರಗೆ ಬಂದು ನೀನೇ ಹೇಳು.”

ಕ್ಷೌರದವನಿಗೆ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿರುವುದು ಥಟ್ಟನೆ ನೆನಪಾಯಿತು, ಆದರೂ ನೋಡಲೆಂದು ನಿಂತ. ದರ್ಜಿ ಗೋಡೆಯ ಸುಣ್ಣ ಪರೀಕ್ಷಿಸತೊಡಗಿದ. ಗುಂಡಿ ತೋಡುವವನೇ ಗುದ್ದಲಿ ಗೋಡೆಗೆ ಒರಗಿಸಿ, “ನಾನ್ ಕೂತ್ಕೋತೀನಿ ತಾಯಿ. ನಂಗೆ ಹೆಣ ಏನ್ ಹೊಸದಲ್ಲ,” ಎಂದ. ಇಸ್ತ್ರಿಯಮ್ಮ ಹೊಸ ಕೆಂಡ ತುಂಬಿ ಬಾಗಿಲು ಹಾಕಿದಳು. ಗುಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೇ ಕೂತು, ಆಗಾಗ ಕೂಗಿ ವಿಚಾರಿಸುತ್ತಿದ್ದಳು.

“ಇದ್ದೀಯೇನೋ?”

“ಇದ್ದೀನಿ ತಾಯಿ!”

ದರ್ಜಿ ಸಿಗರೇಟಿನ ಮೇಲೆ ಸಿಗರೇಟು ಸೇದಿದ. ಒಳಗಿನ ದನಿ ತಡವಾಗಿ ಬರತೊಡಗಿತು. ಒಮ್ಮೆ ಬರಿಯ ನರಳಿಕೆ ಕೇಳಿದ್ದೇ ತಡ, ಇಸ್ತ್ರಿಯಮ್ಮ ಬಾಗಿಲು ಒದ್ದು ತೆರೆದಳು. ಅವನು ತೆವಳಿಕೊಂಡು ಹೊರಗೆ ಬಂದು, ವಾಂತಿ ಮಾಡಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನೋಡಿದ್ರಾ?” ಎಂದಳು ಇಸ್ತ್ರಿಯಮ್ಮ. “ಹೇಳೋ, ಏನಾಯ್ತು ಹೇಳು.”

ಅವನು ಅವಳನ್ನು ನೋಡಿದ ನೋಟ ಬೇರೆಯಾಗಿತ್ತು. “ಬಂದಿದ್ದಳು ತಾಯಿ. ಎದೆ ಮೇಲೇ ಕೂತಿದ್ದಳು. ಹಾಡಹಗಲಲ್ಲೂ ಬರ್ತಾಳೆ!”

ದರ್ಜಿ ಸಿಗರೇಟು ಬಿಸಾಕಿದ. ಕ್ಷೌರದವನು ಆಗಲೇ ಬೀದಿ ಬಾಗಿಲ ಬಳಿ ಇದ್ದ. ಹಗಲಲ್ಲೂ ಏಳುವವಳ ಗೋರಿ ತೆಗೆಯುವ ಎದೆ ಯಾರಿಗಿದೆ? ಗೋರಿಯ ಸುದ್ದಿ ಬೇಡ, ಮುಟ್ಟುವುದೇ ಬೇಡ ಎನ್ನುತ್ತ ಮೂವರೂ ಕಾಲಿಗೆ ಬುದ್ಧಿ ಹೇಳಿದರು. ಇಸ್ತ್ರಿಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೊಸೆಯ ಎದೆಗೆ ಸರಳು ಇಳಿಯುವುದು ತಪ್ಪಿತ್ತು. ಸೊಸೆಯ ಮೇಲಿನ ಅಪವಾದ ಮಾತ್ರ ಇನ್ನು ತಪ್ಪುವುದಿಲ್ಲ. ಕ್ಷೌರದಂಗಡಿಯಲ್ಲಿ ಇವತ್ತೇ ಮೂರನೇ ಕತೆ ಶುರುವಾಗುತ್ತದೆ, ಮುಂದಿನ ಊರಿನವನು ಗಡ್ಡ ಬೋಳಿಸಿಕೊಂಡು ಅದನ್ನು ತನ್ನೂರಿಗೆ ಒಯ್ಯುತ್ತಾನೆ. ತಾನು ಆಡಿದ ಒಂದು ಮಾತನ್ನು ಇನ್ನು ಯಾವ ಬಾಯಿಯಿಂದಲೂ ವಾಪಸು ಪಡೆಯಲಾರೆ ಎಂದು ಅವಳಿಗೆ ಗೊತ್ತಾಯಿತು.

ಕಲ್ಲುಹಾಸಿನ ಮೇಲೆ ಮಗ ಕಣ್ಣು ಬಿಟ್ಟು ನೀರು ಕೇಳಿದ. ಇಸ್ತ್ರಿಯಮ್ಮ ಚೊಂಬು ಎತ್ತಿ ಕುಡಿಸಿದಳು.

ಗುಬ್ಬಿ ಅವಳ ತೋಳು ಜಗ್ಗಿತು. ಎಲ್ಲ ಕೇಳಿಸಿಕೊಂಡಿತ್ತು ಅದು. ಕಣ್ಣಲ್ಲಿ ಆಸೆ ತುಂಬಿಕೊಂಡಿತ್ತು. “ಅಜ್ಜಿ, ಅಮ್ಮ ಬಂದಿದ್ಲಂತಾ? ಯಾವ ಕಡೆಯಿಂದ ಬಂದ್ಲು?”

ಹೌದು ಎನ್ನುವುದು ಸುಲಭವಾಗಿತ್ತು. ಬೀದಿಗೆ ಬೀದಿಯೇ ಹೌದು ಎನ್ನುತ್ತಿತ್ತು.

“ಇಲ್ಲ ಮಗು,” ಎಂದಳು ಇಸ್ತ್ರಿಯಮ್ಮ. “ನಿಮ್ಮಮ್ಮ ಬಂದಿಲ್ಲ. ಇನ್ನು ಬರೋದೂ ಇಲ್ಲ. ಅವಳು ಯಾರಿಗೂ ಏನೂ ಮಾಡಿಲ್ಲ ಕಂದಾ. ಅವಳಿಗೆ ನೆಗಡಿ ಅಂತ, ಚಳಿ ಆಗಬಾರದು ಅಂತ, ಆ ಕೆಂಡ ಅವಳ ಪಕ್ಕ ಇಟ್ಟವಳು ನಾನು.”

ಗುಬ್ಬಿ ಅವಳ ಮುಖವನ್ನೇ ನೋಡಿತು. ಬರುತ್ತಾಳೆ, ಬರುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದುದರಿಂದ ಅಮ್ಮ ಸತ್ತ ದಿನದಿಂದ ಆ ಮಗು ಅಮ್ಮನಿಗಾಗಿ ಒಮ್ಮೆಯೂ ಅತ್ತಿರಲಿಲ್ಲ. ಈಗ ಅತ್ತಿತು.