ಎಲೆ ಬಿಡಿಸಿದ ಹೂಕೋಸು

ಲಿಂಕನ್‌ಶೈರಿನ ನಮ್ಮ ಜೌಗು ಬಯಲಿನಲ್ಲಿ ಏಪ್ರಿಲ್ ಗಾಳಿಗೆ ಕರುಣೆಯಿಲ್ಲ. ಒದ್ದೆ ಹೂಕೋಸಿನ ಸಾಲಿನಲ್ಲಿ ಎಂಟು ಗಂಟೆ ಬಗ್ಗಿ ನಡೆದರೆ ಬೆರಳುಗಳು ಚಾಕುವಿನ ಸುತ್ತ ಸೆಟೆದುಕೊಳ್ಳುತ್ತವೆ. ಅಮ್ಮ ಗ್ಲೆಂಡಾ ಇಪ್ಪತ್ತೆರಡು ವರ್ಷ ಹಾಗೆ ನಡೆದವಳು. ಈಗ ಕೊಯ್ಲಿನ ಗುಂಪಿಗೆ ಅವಳೇ ಮೇಸ್ತ್ರಿ. ನನ್ನನ್ನು ಬಿಟ್ಟರೆ ಗುಂಪಿನ ಉಳಿದ ಹದಿನಾಲ್ಕು ಮಂದಿಯೂ ಲಿಥುವೇನಿಯಾದವರು. ಹೊಲದ ಯಜಮಾನ ಥರ್ಲ್‌ಬಿಯವರ ತಗಡಿನ ಗಾಲಿಮನೆಗಳಲ್ಲಿ, ಅಂದರೆ ಕ್ಯಾರವಾನುಗಳಲ್ಲಿ, ಅವರ ವಾಸ.

ಥರ್ಲ್‌ಬಿ ಚುನಾವಣೆಗೆ ನಿಂತಿದ್ದರು. ‘ನಮ್ಮ ನೆಲ, ನಮ್ಮ ಕೈ’ ಎಂಬುದು ಅವರ ಘೋಷಣೆ. ಅವರು ಹಂಚಿದ ಬಾವುಟ ನಮ್ಮ ಕಿಟಕಿಯಲ್ಲೂ ಇತ್ತು. ಅಮ್ಮ ಮೊದಲು ಕಾರ್ಮಿಕರ ಪಕ್ಷಕ್ಕೆ ಓಟು ಹಾಕಿದಳು, ಆಮೇಲೆ ಅದರ ವೈರಿಗೆ, ಆಮೇಲೆ ಯುರೋಪಿನ ಒಕ್ಕೂಟವೇ ಬೇಡವೆಂದು ಹಾಕಿದಳು. ಪ್ರತಿ ಸಲವೂ ಊರಿನ ಒಂದು ಬಸ್ಸು ನಿಂತುಹೋಯಿತು. ಅಜ್ಜಿ ಹೇಳುತ್ತಿದ್ದಳು: ಜೌಗಿನ ಭೂತ ದೀಪ ಹಿಡಿದು ಮುಂದೆ ಹೋಗುತ್ತದಂತೆ. ಅದರ ಹಿಂದೆ ಹೋದವರು ಸೊಂಟದವರೆಗೆ ಹೂತುಹೋದ ಮೇಲೂ, ಬೆಳಕೇನೋ ಚೆನ್ನಾಗಿದೆ ಅನ್ನುತ್ತಾರಂತೆ.

ಸೋಮವಾರ ಪತ್ರಿಕೆಯವರು ಬಂದರು. ಗುಂಪಿಗೆ ಹೊರಗೆ ಬರಬೇಡಿ ಎಂದು ಅಪ್ಪಣೆಯಾಯಿತು.

“ನಾವು ಇವತ್ತು ಇಲ್ವಾ, ಗ್ಲೆಂಡಾ?” ಡೈವಾ ಕ್ಯಾರವಾನಿನ ಕಿಟಕಿಯಿಂದ ಕೇಳಿದಳು.

“ಇದೀರ ಕಣೇ. ಕಾಣಬಾರದು, ಅಷ್ಟೇ.”

ಥರ್ಲ್‌ಬಿ ಮತ್ತು ಪಕ್ಷದ ಇಪ್ಪತ್ತು ಮಂದಿ ಹೊಸ ಬೂಟು ಹಾಕಿಕೊಂಡು ಕೊಯ್ಲಿಗಿಳಿದರು. ಅಂಗಡಿಗೆ ಹೋಗುವ ಹೂವಿನ ಸುತ್ತ ಹಸಿರೆಲೆಯ ಅಂಚು ಬಿಡಬೇಕು, ಇಲ್ಲದಿದ್ದರೆ ಹೂ ಉಜ್ಜಿ ಕಂದುತ್ತದೆ. ಇವರು ಭಾನುವಾರದ ಊಟಕ್ಕೆ ಬಿಡಿಸುವಂತೆ ಎಲೆಯನ್ನೆಲ್ಲ ಕಿತ್ತರು.

“ಎಲೆ ಬಿಡಬೇಕು, ಯಜಮಾನ್ರೇ,” ಅಂದಳು ಅಮ್ಮ.

“ಬಿಳುಪು ಕಾಣ್ಲಿ ಬಿಡಮ್ಮ. ಫೋಟೋಗೆ ಚೆಂದ.”

ಲಾರಿ ಹೋಯಿತು. ಮಂಗಳವಾರ ಸರಕು ಪೂರ್ತಿ ಕಂದಿ ಅಂಗಡಿಯಿಂದ ವಾಪಸು ಬಂತು.

ಬುಧವಾರ ಥರ್ಲ್‌ಬಿ ನಮ್ಮನ್ನು ಕಚೇರಿಗೆ ಕರೆಸಿ ಅಮ್ಮನ ಮುಂದೆ ಅಂಗಡಿಯವರಿಗೆ ಕಳಿಸುವ ಒಂದು ಕಾಗದ ಇಟ್ಟರು. ಕೊಯ್ದವರು ವಿದೇಶಿ ಆಳುಗಳು, ಹೇಳಿದ್ದು ಅವರಿಗೆ ತಿಳಿಯಲಿಲ್ಲ ಎಂದು ಬರೆದಿತ್ತು.

“ಸೈನ್ ಹಾಕು, ಗ್ಲೆಂಡಾ. ಆ ಗುಂಪನ್ನ ಕಳಿಸಿಬಿಡ್ತೀನಿ. ಕ್ಯಾರವಾನೂ ಖಾಲಿ ಆಗುತ್ತೆ.”

“ಆಮೇಲೆ ನಮ್ಮೂರೋರು ಬರ್ತಾರಾ?”

“ರೊಮೇನಿಯಾದೋರು ಬರ್ತಾರೆ. ಇನ್ನೂ ಕಮ್ಮಿಗೆ.”

ಅಮ್ಮ ಪೆನ್ನು ಹಿಡಿದು ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು.

“ಯೋಚನೆ ಏನು? ನೀನು ನಮ್ಮೋಳು.”

“ಇಪ್ಪತ್ತೆರಡು ವರ್ಷದಲ್ಲಿ ಇವತ್ತೇ ಹಾಗಂದಿದ್ದು ನೀವು.”

ಅವಳು ಕಾಗದದಲ್ಲಿದ್ದದ್ದನ್ನೆಲ್ಲ ಹೊಡೆದುಹಾಕಿ, ಸೋಮವಾರ ಕೊಯ್ದವರ ಹೆಸರು ನೆನಪಿದ್ದಷ್ಟು ಬರೆದಳು. ಮೊದಲನೆಯದು ಥರ್ಲ್‌ಬಿಯವರದು. ಕೆಳಗೆ ಸೈನ್ ಹಾಕಿದಳು.

“ನಾಳೆ ಓಟು ಯಾರಿಗೆ ಹಾಕ್ತೀಯ ಹಾಗಾದ್ರೆ?” ಥರ್ಲ್‌ಬಿಯವರ ಮುಖ ಬೀಟ್‌ರೂಟಿನಂತಾಗಿತ್ತು.

“ಅದು ದೇವರಾಣೆ ಗೊತ್ತಿಲ್ಲ. ಕೊಯ್ದೋರು ಯಾರು ಅಂತ ಗೊತ್ತು.”

ಗುರುವಾರ ರಾತ್ರಿಯ ಎಣಿಕೆಯಲ್ಲಿ ಥರ್ಲ್‌ಬಿಯವರೇ ಗೆದ್ದರು. ನಮ್ಮ ಬೀದಿಯೆಲ್ಲ ಕುಣಿಯಿತು.

ಶುಕ್ರವಾರ ಬೆಳಿಗ್ಗೆ ಗುಂಪನ್ನು ಹೊಲಕ್ಕೆ ಒಯ್ಯುವ ವ್ಯಾನು ನಮ್ಮ ಮನೆಯ ಮುಂದೆ ಬಂತು. ಚಾಲಕ ಬಾಗಿಲು ತೆರೆಯಲಿಲ್ಲ. “ನೀವಿಬ್ರೂ ಬೇಡವಂತೆ.”

“ಯಾಕೆ?” ಒಳಗಿನಿಂದ ಡೈವಾ ಕೇಳಿದಳು. ಅಮ್ಮ ಕಾಗದದ ವಿಷಯ ಹೇಳಿದಳು. ಡೈವಾ ಹಿಂದಕ್ಕೆ ತಿರುಗಿ ತನ್ನ ಭಾಷೆಯಲ್ಲಿ ಅದನ್ನೇ ಹೇಳಿದಳು. ಆಮೇಲೆ ತಾನೇ ಬಾಗಿಲು ತೆಗೆದು ಇಳಿದಳು. ಒಬ್ಬೊಬ್ಬರಾಗಿ ಹದಿನಾಲ್ಕೂ ಮಂದಿ ಇಳಿದರು.

“ಬಿಸಿಲು ಬಂತು, ಮಧ್ಯಾಹ್ನಕ್ಕೆ ಹೂ ಹಳದಿ ಆಗುತ್ತೆ,” ಚಾಲಕ ಗೋಗರೆದ. “ಯಾರು ಕೊಯ್ತಾರೆ ಈಗ?”

ಅಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಡೈವಾಗೆ ಕೊಟ್ಟಳು. ಹದಿನಾರು ಮಂದಿ ರಸ್ತೆ ಬದಿಯ ಹುಲ್ಲಿನ ಮೇಲೆ ಸಾಲಾಗಿ ಕೂತೆವು. ಬಿಸಿಲು ಏರುತ್ತಿತ್ತು.